ಹೊಗೆ ಹಾಕಿದ ದ್ರಾಕ್ಷಿ

ಏಪ್ರಿಲ್ 18

ಮಗಳೇ,

ನಾನು ಯಾರು ಎಂಬುದನ್ನು ಮೊದಲು ಬರೆಯುತ್ತೇನೆ, ಏಕೆಂದರೆ ನೀನು ಮರೆತ ಹಾಗೆ ಕಾಣುತ್ತದೆ. ನಾನು ಈ ಒಣದ್ರಾಕ್ಷಿ ಅಂಗಳದ ಯಜಮಾನಿ. ನಿನ್ನ ಅಪ್ಪ ತೀರಿಕೊಂಡಾಗ ಇಲ್ಲಿ ಎರಡು ಶೆಡ್ಡು, ಒಂದು ಸೋರುವ ಉಗ್ರಾಣ ಇದ್ದವು. ಈಗ ಶೆಡ್ಡುಗಳ ಸಾಲಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವರಿಗೆ ಕೇಳುವುದಿಲ್ಲ. ನನ್ನ ಕಣ್ಣು ನೋಡಿ, ನನ್ನ ಮೂಗು ಒಪ್ಪದೆ ಒಂದು ಪೆಟ್ಟಿಗೆಯೂ ಗೇಟು ದಾಟುವುದಿಲ್ಲ. ಹೈಸ್ಕೂಲಿನವರೆಗೆ ಓದಿದ್ದೇನೆ, ಅಷ್ಟೇ ಓದಿಗೆ ದೊಡ್ಡ ದೊಡ್ಡ ವ್ಯಾಪಾರಿಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಇದಲ್ಲದೆ ನಾನು ನಿನ್ನ ಅಮ್ಮ. ಈ ಕೊನೆಯದನ್ನು ಬರೆದು ತಿಳಿಸಬೇಕಾದ ಕಾಲ ಬರುತ್ತದೆ ಎಂದುಕೊಂಡಿರಲಿಲ್ಲ.

ನಮ್ಮ ಮೇಸ್ತ್ರಿ ಕನ್ನಡಕ ಮಾಡಿಸಿಕೊಳ್ಳಲು ಅಳಿಯಂದಿರ ಅಂಗಡಿಗೆ ಬಂದಿದ್ದನಲ್ಲ. ಹಿಂದಿರುಗಿ ಬಂದವನು ಹೊಸ ಕನ್ನಡಕವನ್ನು ಮೂಗಿನ ಮೇಲೇರಿಸಿಕೊಂಡು, ಹೆಂಗಸರೆಲ್ಲ ಕೂತು ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದ ಜಾಗದಲ್ಲೇ ನಿನ್ನ ವಿಷಯ ಹೇಳಿದ:

"ನಮ್ಮ ಕಡ್ಡಿ ಚೆನ್ನಾಗಿದಾಳೆ ಯಜಮಾನಿ. ಒಂಚೂರು ಕೆಮ್ತಾಳೆ, ಅಷ್ಟೆ. ಅವರತ್ತೆ ಹಿಂದೇನೇ ಅಮ್ಮಾ, ಅಮ್ಮಾ ಅಂತ ಓಡಾಡ್ಕೊಂಡಿದಾಳೆ."

ನಿನ್ನ ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಮ್ಮ ಅಂದ್ರೆ ಅನ್ನಲಿ ಬಿಡಿ ಅಕ್ಕ, ನಾಲಿಗೆ ಏನು ಸವೆಯುತ್ತಾ?" ಅಂದಳು. ನಾನು ಅವಳನ್ನು ಬಿಸಿಲಿನ ಕಡೆಯ, ಹಣ್ಣು ಒಣಹಾಕುವ ಬಲೆಗಳನ್ನು ಝಾಡಿಸಲು ಕಳಿಸಿದೆ.

ನನಗೂ ಅತ್ತೆ ಇದ್ದರು. ಅವರ ಕಣ್ಣು ಮುಚ್ಚುವವರೆಗೆ ನಾನು ಅವರನ್ನು ಅತ್ತೆ ಎಂದೇ ಕರೆದೆ, ಅವರಿಗೆ ಯಾವ ಕೊರತೆಯೂ ಆಗಲಿಲ್ಲ. ಅತ್ತೆಯನ್ನು ಅತ್ತೆ ಎನ್ನುವುದು ಅವಮಾನವಲ್ಲ.

ಇದರ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಮಾರುವ ಮಾಲಿಗೆ ಹೊಗೆಕೋಣೆಯಲ್ಲಿ ಒಂದು ಸಲ ಗಂಧಕ ಸುಡುತ್ತೇವೆ, ನಿನ್ನ ಡಬ್ಬಿಯದಕ್ಕೆ ನಾನೇ ನಿಂತು ಎರಡು ಸಲ ಸುಡಿಸಿದೆ. ಬಣ್ಣ ನೋಡು, ಬೆಳಕಿಗೆ ಹಿಡಿದರೆ ಒಳಗಿನ ಬೀಜದ ಗುರುತು ಕಾಣುತ್ತದೆ. ಇಂಥದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದನ್ನು ಅವರ ಹಜಾರದಲ್ಲಿಟ್ಟು ಬಂದವರಿಗೆಲ್ಲ ಹಂಚಬೇಡ. ನಿನಗೆಂದು ಕಳಿಸಿದ್ದು ನಿನ್ನ ಹೊಟ್ಟೆಗೇ ಸೇರಬೇಕು.

ಫೋನು ಮಾಡು ಎನ್ನಬೇಡ. ನಿಮ್ಮ ಫೋನು ಹಜಾರದಲ್ಲಿದೆ, ಅದರ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ ಎಂದು ನನಗೆ ಗೊತ್ತು. ಪತ್ರ ಬರೆ.

ಇಂತಿ,
ನಿನ್ನ ಒಬ್ಬಳೇ ಅಮ್ಮ


ಮೇ 6

ಅಮ್ಮಾ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಇವರು ಮನೆಯಲ್ಲಿ ದಿನವಿಡೀ "ಅಮ್ಮಾ, ಕನ್ನಡಕದ ಬಟ್ಟೆ ಎಲ್ಲಿ, ಅಮ್ಮಾ, ಛತ್ರಿ ಎಲ್ಲಿ" ಎನ್ನುತ್ತಿರುತ್ತಾರೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂತು. ಅದರಲ್ಲಿ ಬೇರೇನೂ ಇಲ್ಲ. ಮೇಸ್ತ್ರಿಗೆ ಹೊಸ ಕನ್ನಡಕದಲ್ಲಿ ಬೇಡದ್ದೆಲ್ಲ ಕಾಣುತ್ತಿದೆ ಎಂದು ಹೇಳು.

ಕೆಮ್ಮಿನ ಮಾತು ನಿಜ. ಚಳಿಗಾಲದಲ್ಲಿ ಎದೆಗೆ ನೆಗಡಿಯಾಗಿತ್ತಲ್ಲ, ಅಂದಿನಿಂದ ಪೂರ್ತಿ ವಾಸಿಯಾಗಿಲ್ಲ. ಈಗೀಗ ಸಂಜೆಯ ಹೊತ್ತಿಗೆ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸದ್ದು ಬರುತ್ತದೆ. ಅತ್ತೆ ಬೆಳ್ಳುಳ್ಳಿ ಸುಟ್ಟು ಕೊಡುತ್ತಾರೆ, ಈರುಳ್ಳಿ ಸಾರು ಬಿಸಿಬಿಸಿಯಾಗಿ ಕುಡಿಸುತ್ತಾರೆ, ಬೆಳಿಗ್ಗೆ ಒಂದು ಮೊಟ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರಲ್ಲವೇ, ಸಾರಿಗೆ ಉಪ್ಪು ಹಾಕುವಾಗಲೂ ಸೌಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ನೋಡಿದರೆ ನಿನಗೂ ನಗು ಬರುತ್ತದೆ.

ಡಾಕ್ಟರಿಗೆ ತೋರಿಸಿದೆವು. "ಕೆಲವರಿಗೆ ಗಂಧಕ ಆಗಿಬರಲ್ಲ. ಏನು ತಿಂದಾಗ ಜಾಸ್ತಿಯಾಗುತ್ತೆ ನೋಡ್ಕೊಳ್ಳಿ" ಎಂದರು. ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಮುಂದಿನವರನ್ನು ಕರೆದರು.

ಡಬ್ಬಿ ನನ್ನ ದಿಂಬಿನ ಪಕ್ಕದಲ್ಲೇ ಇದೆ. ಯಾರಿಗೂ ತೋರಿಸಿಲ್ಲ, ಇವರಿಗೂ ಕೊಟ್ಟಿಲ್ಲ. ಮಲಗುವ ಮುಂಚೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರೆ ನಮ್ಮ ಮೂರನೇ ಶೆಡ್ಡಿನ ನೆರಳಲ್ಲಿ ಮಲಗಿದ ಹಾಗಾಗುತ್ತದೆ.

ನಿನ್ನ,
ಕಡ್ಡಿ


ಮೇ 15

ಮಗಳೇ,

ಡಾಕ್ಟರು ಹೇಳಿದ್ದು ಒಂದೇ ಮಾತು, ಆದರೆ ಮಾತು ಸರಿಯಾಗಿದೆ. ನಿಮ್ಮ ಮನೆಯಲ್ಲಿ ಯಾರಿಗೂ ಅದು ತಲೆಗೆ ಹೋಗಲಿಲ್ಲವೇ? ಬೆಳ್ಳುಳ್ಳಿಯಲ್ಲಿ ಏನಿದೆ? ಗಂಧಕ. ಈರುಳ್ಳಿಯಲ್ಲಿ? ಗಂಧಕ. ಮೊಟ್ಟೆಯಲ್ಲಿ? ಬೆಳ್ಳಿ ಚಮಚದಲ್ಲಿ ಮೊಟ್ಟೆ ತಿಂದರೆ ಚಮಚ ಕಪ್ಪಾಗುವುದು ಅದಕ್ಕೇ ಎಂದು ನಮ್ಮ ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕಲಿತದ್ದನ್ನು ಕುರ್ಚಿಯ ಮೇಲೆ ಕೂತು ಕಲಿಸಿದವರು ಮರೆತರೇ? ಬೆಳಿಗ್ಗೆ ಗಂಧಕ, ಮಧ್ಯಾಹ್ನ ಗಂಧಕ, ಸಂಜೆ ಸುಟ್ಟ ಗಂಧಕ. ಇದನ್ನು ಆರೈಕೆ ಎನ್ನುತ್ತಾರೆ!

ನಮ್ಮ ದ್ರಾಕ್ಷಿಗೂ ಗಂಧಕ ಹಾಕುತ್ತೀರಲ್ಲ ಎಂದು ಅಲ್ಲಿ ಯಾರಾದರೂ ಬುದ್ಧಿವಂತರು ಕೇಳಬಹುದು. ಕೇಳಿದರೆ ಹೀಗೆ ಹೇಳು. ನಮ್ಮದು ಸುಟ್ಟು ಹೋಗುವ ಗಂಧಕ. ಹೊಗೆಯಾಗಿ ಬಂತು, ಹಣ್ಣಿಗೆ ಬಣ್ಣ ಕೊಟ್ಟಿತು, ಬಾಗಿಲು ತೆರೆದ ಕೂಡಲೇ ಹೋಯಿತು, ಮದುವೆಗೆ ಬಂದು ಊಟ ಮಾಡಿ ಎದ್ದು ಹೋಗುವ ನೆಂಟರ ಹಾಗೆ. ಬೆಳ್ಳುಳ್ಳಿಯ ಗಂಧಕ ಒಳಗೇ ಕೂತಿರುತ್ತದೆ. ಬೇಯಿಸಿದರೂ ಏಳುವುದಿಲ್ಲ, ಬಾಯಿ ತೊಳೆದರೂ ಹೋಗುವುದಿಲ್ಲ. ಅದು ಬೇರೆಯವರ ಮನೆ ಸೇರಿ ಅಮ್ಮ ಎನಿಸಿಕೊಳ್ಳುವವರ ಜಾತಿಯದು. ಇದು ನಮ್ಮ ಅಂಗಳದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಿನಗೂ ಗೊತ್ತು, ಇಲ್ಲೇ ಹುಟ್ಟಿ ಬೆಳೆದವಳು.

ಇಂದಿನಿಂದ ಬೆಳ್ಳುಳ್ಳಿ, ಈರುಳ್ಳಿ, ಮೊಟ್ಟೆ ಮೂರೂ ಬಂದ್. ನಿನ್ನ ಅಮ್ಮ ಹೇಳಿದಳು ಎಂದು ಅಲ್ಲಿ ಸ್ಪಷ್ಟವಾಗಿ ಹೇಳು, ಗುಟ್ಟು ಮಾಡಬೇಡ. ಮೈಯಲ್ಲಿ ಶಕ್ತಿ ಬರಬೇಕಲ್ಲ, ಅದಕ್ಕೆ ಇನ್ನೊಂದು ದೊಡ್ಡ ಡಬ್ಬಿ ಕಳಿಸಿದ್ದೇನೆ. ಅದೇ ಎರಡು ಹೊಗೆಯದು.

ಇಂತಿ,
ನಿನ್ನ ಅಮ್ಮ


ಜೂನ್ 20

ಅಮ್ಮಾ,

ಬರೆಯಲು ತಡವಾಯಿತು. ಆಸ್ಪತ್ರೆಯಲ್ಲಿದ್ದೆ. ಹೆದರಬೇಡ, ಈಗ ಮನೆಗೆ ಬಂದಿದ್ದೇನೆ.

ನೀನು ಹೇಳಿದ ಹಾಗೆ ಮೂರನ್ನೂ ಬಿಟ್ಟೆ. ಅತ್ತೆಗೆ ಹೇಳಿದೆ. "ಡಾಕ್ಟರು ಹೇಳಿದ್ದು ಇದಲ್ಲ ಅಂತ ನಂಗನ್ನಿಸುತ್ತೆ. ಆದ್ರೆ ನಿಮ್ಮಮ್ಮನ ಮಾತನ್ನ ನಾನು ಯಾಕೆ ಮೀರ್ಲಿ? ಬಿಟ್ಟು ನೋಡೋಣ" ಅಂದರು. ಮಾರನೆಯ ದಿನ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿದ್ದ ಈರುಳ್ಳಿ ಬುಟ್ಟಿಯೇ ಇಲ್ಲ. ನನ್ನ ಮುಂದೆ ತಾವು ತಿನ್ನಬಾರದೆಂದು ಅವರೂ ಬಿಟ್ಟಿದ್ದಾರೆ. ಇವರು ಮಾತ್ರ ಅಂಗಡಿಯ ಎದುರಿನ ಹೋಟೆಲಿನಲ್ಲಿ ಮೊಟ್ಟೆ ತಿಂದು, ಬಾಯಿ ಒರೆಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಮನೆಗೆ ಬರುತ್ತಾರೆ.

ಆದರೂ ಉಸಿರು ಸರಿಹೋಗಲಿಲ್ಲ, ಇನ್ನೂ ಕೆಟ್ಟಿತು. ಹೋದ ವಾರ ಮೆಟ್ಟಿಲು ಹತ್ತುತ್ತಾ ಮಧ್ಯದಲ್ಲೇ ಕೂತುಬಿಟ್ಟೆ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ತುಟಿ ನೀಲಿಯಾಗಿತ್ತಂತೆ. ಅತ್ತೆ ನನ್ನ ಬೆನ್ನ ಹಿಂದೆ ಕೂತು, ನನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡು, "ನಿಧಾನ, ನನ್ನ ಜೊತೆ ಬಿಡು, ನನ್ನ ಜೊತೆ ಎಳ್ಕೊ" ಎನ್ನುತ್ತಾ ಆಸ್ಪತ್ರೆಯವರೆಗೆ ಉಸಿರು ಎಣಿಸಿದರು.

ಬಾಯಿಗೆ ಏನೂ ಸೇರುವುದಿಲ್ಲ ಅಮ್ಮ. ನಿನ್ನ ಡಬ್ಬಿಯೊಂದೇ ಗತಿ. ಆಸ್ಪತ್ರೆಯಿಂದ ಬಂದ ದಿನ ಮೊದಲು ತಿಂದದ್ದು ಅದನ್ನೇ.

ನಿನ್ನ,
ಕಡ್ಡಿ


ಜೂನ್ 27

ಬೀಗಿತಿಯವರಿಗೆ,

ನಮಸ್ಕಾರ ಮಾಡಿ ಶುರು ಮಾಡಬೇಕು, ಮಾಡಿದ್ದೇನೆ. ಇನ್ನು ಮುಂದಿನದು ನೇರ ಮಾತು.

ನನ್ನ ಮಗಳು ನನ್ನ ಕೈಯಲ್ಲಿದ್ದಷ್ಟು ಕಾಲ ಒಂದು ದಿನವೂ ಏದುಸಿರು ಬಿಟ್ಟವಳಲ್ಲ. ಈ ಅಂಗಳದಲ್ಲಿ ಬುಟ್ಟಿ ಹೊತ್ತುಕೊಂಡು ಏಣಿ ಹತ್ತಿ ಇಳಿದವಳು ನಿಮ್ಮ ಮನೆಯ ಮೆಟ್ಟಿಲ ಮೇಲೆ ಕೂತಳಂತೆ. ನೀವು ಅವಳನ್ನು ಎದೆಗೆ ಒರಗಿಸಿಕೊಂಡಿರಂತೆ. ಸಂತೋಷ. ಅವಳು ಆ ಸ್ಥಿತಿಗೆ ಬರುವ ಹಾಗೆ ಮಾಡಿದವರು ಯಾರು ಎಂದು ಕೇಳಬಹುದಾ?

ನೀವು ಕಾಲೇಜು ಕಲಿತವರು. ಬೆಳ್ಳುಳ್ಳಿ, ಈರುಳ್ಳಿ, ಮೊಟ್ಟೆಯ ಗಂಧಕ ತಿಂಗಳುಗಟ್ಟಲೆ ಅವಳ ಮೈಯಲ್ಲಿ ಸೇರಿಕೊಂಡಿದೆ, ಈಗ ಬಿಟ್ಟರೂ ಹೊರಗೆ ಬರುತ್ತಿಲ್ಲ. ಗಂಧಕದ ಪಾಠ ನನಗೆ ಹೇಳಲು ಬರಬೇಡಿ. ನೀವು ಕರಿಹಲಗೆಯ ಮೇಲೆ ಬರೆದದ್ದನ್ನು ನಾನು ಕೈಯಾರೆ ಸುಟ್ಟಿದ್ದೇನೆ. ಹೊಗೆಕೋಣೆಯ ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು, ಹಳದಿ ಪುಡಿ ಹಾಕಿ, ಕೆಂಡ ತೋರಿಸಿ, ನೀಲಿ ಉರಿ ಬಂದದ್ದನ್ನು ನೋಡಿ ಬಾಗಿಲು ಮುಚ್ಚುವ ಕೆಲಸ ಇಂದಿಗೂ ನನ್ನದೇ. ಎಷ್ಟು ಹೊಗೆ ಹಣ್ಣಿಗೆ ಹಿಡಿಯಿತು ಎಂದು ಬಾಗಿಲ ಸಂದಿಯ ವಾಸನೆಯಲ್ಲೇ ಹೇಳುತ್ತೇನೆ.

ಅವಳು ಇಷ್ಟಾದರೂ ಉಳಿದಿದ್ದರೆ ಅದು ನಾನು ಡಬ್ಬಿಯ ಮೇಲೆ ಡಬ್ಬಿ ಕಳಿಸುತ್ತಿರುವ ದ್ರಾಕ್ಷಿಯಿಂದ. ಎರಡು ಸಲ ಹೊಗೆ ಹಾಕಿಸಿದ, ಮೊದಲ ದರ್ಜೆಯ ಮಾಲು. ದಿಂಬಿನ ಪಕ್ಕದಲ್ಲಿಟ್ಟುಕೊಂಡು ದಿನವೂ ಹಿಡಿ ಹಿಡಿ ತಿನ್ನುತ್ತಾಳೆ. ನೀವು ಕೊಟ್ಟದ್ದು ಸೇರದಿದ್ದಾಗ ನಾನು ಕೊಟ್ಟದ್ದು ಸೇರುತ್ತದೆ ಎಂದರೆ ಏನರ್ಥ ಎಂದು ನೀವೇ ಯೋಚಿಸಿ.

ಅವಳನ್ನು ನನ್ನ ಮನೆಗೆ ಕಳಿಸಿಕೊಡಿ.

ಇಂತಿ,
ಅವಳ ತಾಯಿ


ಜುಲೈ 4

ಬೀಗಿತಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಬೈದದ್ದನ್ನು ಒಂದು ಸಲ ಓದಿದೆ, ಡಬ್ಬಿಯ ವಿಷಯವನ್ನು ಮೂರು ಸಲ ಓದಿದೆ. ಆ ಡಬ್ಬಿ ಇರುವುದೇ ನನಗೆ ಗೊತ್ತಿರಲಿಲ್ಲ. ಸೊಸೆ ಸ್ನಾನಕ್ಕೆ ಹೋದಾಗ ಕೇಳದೆ ಒಂದು ಹಿಡಿ ತೆಗೆದೆ. ತಪ್ಪು, ಆದರೆ ತೆಗೆದೆ. ಬಿಸಿನೀರಿಗೆ ನಿಂಬೆರಸ ಹಿಂಡಿ, ಅದರಲ್ಲಿ ದ್ರಾಕ್ಷಿ ಹಾಕಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ತೆರೆದು ಮೂಸಿದೆ. ಬೆಂಕಿಕಡ್ಡಿ ಗೀರಿದ ಕೂಡಲೇ ಮೂಗಿಗೆ ಚುಚ್ಚುತ್ತದಲ್ಲ, ಅಂಥದೇ ಘಾಟು ಬಂತು. ನಿಮಗೆ ಆ ವಾಸನೆಯ ಪರಿಚಯ ನನಗಿಂತ ಹೆಚ್ಚು.

ಮೊಟ್ಟೆಯಲ್ಲಿ, ಬೆಳ್ಳುಳ್ಳಿಯಲ್ಲಿ ಗಂಧಕ ಇದೆ ಎಂದಿರಿ. ನೂರಕ್ಕೆ ನೂರು ಸರಿ. ಆದರೆ ಗಂಧಕ ಎರಡು ಬಗೆಯಲ್ಲಿ ಬಾಳುತ್ತದೆ. ಮಣ್ಣಿನಲ್ಲಿ, ಕಲ್ಲಿನಲ್ಲಿ, ನಿಮ್ಮ ತಟ್ಟೆಯ ಹಳದಿ ಪುಡಿಯಲ್ಲಿ, ಅದು ಸುಟ್ಟಾಗ ಬರುವ ಹೊಗೆಯಲ್ಲಿ ಇರುವುದು ನಿರವಯವ ಗಂಧಕ. ಗಿಡ ಮಣ್ಣಿನೊಳಗಿನ ಗಂಧಕದ ಲವಣವನ್ನು ಬೇರಿನಿಂದ ಎಳೆದುಕೊಂಡು, ಇಂಗಾಲದ ಜೊತೆ ಹೆಣೆದು, ತನ್ನ ಮೈಯಾಗಿ ಮಾಡಿಕೊಳ್ಳುತ್ತದೆ. ಹಾಗೆ ಹೆಣೆದದ್ದು ಸಾವಯವ ಗಂಧಕ. ಬೆಳ್ಳುಳ್ಳಿಯ ಘಾಟು ಅದರದೇ, ಮೊಟ್ಟೆಯದೂ ಅದೇ ಬಗೆ. ನಿಮ್ಮ ತಲೆಗೂದಲಲ್ಲಿ, ನನ್ನ ಉಗುರಿನಲ್ಲಿ ಇರುವುದೂ ಅದೇ. ಅದಿಲ್ಲದೆ ಮೈ ಬೆಳೆಯುವುದಿಲ್ಲ. ಗಿಡ ಮಾಡುವ ಆ ಕೆಲಸ ನಮ್ಮ ಕೈಯಲ್ಲಿ ಆಗುವುದಿಲ್ಲ, ಆದ್ದರಿಂದ ಹೆಣೆದದ್ದನ್ನು ತಿಂದು ಬದುಕುತ್ತೇವೆ.

ಹೊಗೆ ಬಂದು ಹೋಗುತ್ತದೆ ಎಂದು ನಿಮ್ಮ ಅಂಗಳದವರು ನಂಬಿದ್ದೀರಿ. ಎಲ್ಲವೂ ಹೋಗುವುದಿಲ್ಲ. ಹಣ್ಣಿನ ತೇವದಲ್ಲಿ ಕರಗಿ ಒಳಗೇ ಉಳಿಯುತ್ತದೆ, ಬಣ್ಣ ಕಾಯುವುದು ಹಾಗೆ ಉಳಿದದ್ದೇ. ಬಾಯಿಯ ಬಿಸಿಗೆ, ಹೊಟ್ಟೆಯ ಹುಳಿಗೆ ಮತ್ತೆ ಹೊಗೆಯಾಗಿ ಏಳುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎದೆ ಸೂಕ್ಷ್ಮವಾದವರಿಗೆ ಉಸಿರಿನ ದಾರಿ ಹಿಡಿದುಬಿಡುತ್ತದೆ. ಅವಳ ಎದೆ ಈ ಚಳಿಗಾಲದಿಂದ ಹಾಗಾಗಿದೆ. ಮಗುವಾಗಿದ್ದಾಗ ತಡೆದುಕೊಂಡದ್ದನ್ನು ಈಗ ತಡೆಯಲಾರಳು. ಡಾಕ್ಟರನ್ನು ಕೇಳಿದೆ. ಅವರ ಮನಸ್ಸಿನಲ್ಲಿ ಇದ್ದದ್ದೂ ಇದೇ ಗಂಧಕವಂತೆ. ಹೊಗೆ ಏಳುವ ಜಾಗಕ್ಕೂ ಅವಳು ಹೋಗಬಾರದು ಎಂದರು.

ಡಬ್ಬಿಗೆ ಇರುವೆ ಬಂದಿದೆ ಎಂದು ಸುಳ್ಳು ಹೇಳಿ ತೆಗೆದಿಟ್ಟಿದ್ದೇನೆ. ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಇರಲಿ. ಕಾರಣವನ್ನು ಹೇಳಿಲ್ಲ. ತವರಿನಿಂದ ಬಂದ ಡಬ್ಬಿಯನ್ನು ಅತ್ತೆ ದೂರಬಾರದು. ನೀವೇ ಬರೆದು ತಿಳಿಸಿ. ನಿಮ್ಮ ಮಾತು ಅವಳಿಗೆ ನೋಯುವುದಿಲ್ಲ.

ಇತಿ,
ನಿಮ್ಮ ಬೀಗಿತಿ


ಜುಲೈ 10

ಮಗಳೇ,

ದ್ರಾಕ್ಷಿ ತಿನ್ನಬೇಡ. ಡಬ್ಬಿಯಲ್ಲಿ ಉಳಿದದ್ದನ್ನು ಎಸೆದುಬಿಡು, ಯಾರಿಗೂ ಕೊಡಬೇಡ.

ಕೂತು ಯೋಚಿಸಿದೆ. ಗಂಧಕದಲ್ಲಿ ಎರಡು ಬಗೆ. ಗಿಡ, ಪ್ರಾಣಿ ತಮ್ಮ ಮೈಯೊಳಗೆ ಹೆಣೆದುಕೊಂಡದ್ದು ಒಂದು, ಅದಕ್ಕೆ ಸಾವಯವ ಎನ್ನುತ್ತಾರೆ. ಅದು ಒಳ್ಳೆಯದು. ಸುಟ್ಟ ಹೊಗೆಯದು ಇನ್ನೊಂದು. ಅದು ಹಣ್ಣಿನಲ್ಲಿ ಉಳಿಯುತ್ತದೆ, ನಿನ್ನ ಈಗಿನ ಎದೆಗೆ ಆಗುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿ, ಮೊಟ್ಟೆ ನಾಳೆಯಿಂದಲೇ ತಿನ್ನು.

ಹೆತ್ತವಳಿಗೆ ದೂರದಲ್ಲಿದ್ದರೂ ತಿಳಿಯುತ್ತದೆ.

ಇಂತಿ,
ನಿನ್ನ ಅಮ್ಮ


ಆಗಸ್ಟ್ 19

ಅಮ್ಮಾ, ನನ್ನ ಬಂಗಾರದ ಅಮ್ಮಾ,

ಪೀಪಿ ನಿಂತಿದೆ! ಮಹಡಿಗೆ ಬಟ್ಟೆ ಒಣಹಾಕಲು ಬುಟ್ಟಿ ಹೊತ್ತುಕೊಂಡೇ ಹತ್ತಿದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಯಾರು ಕಂಡುಹಿಡಿದಿದ್ದು ಇದನ್ನ?" ಎಂದರು. "ನಮ್ಮಮ್ಮ. ಅಷ್ಟು ದೂರದಲ್ಲಿ ಕೂತ್ಕೊಂಡು" ಎಂದೆ.

ಅತ್ತೆಯೆದುರೂ ಹೇಳಿದೆ. "ನೋಡಿ ಅತ್ತೆ, ನೀವು ಇಷ್ಟು ವರ್ಷ ಪಾಠ ಮಾಡಿದ್ರೂ ಹೊಳೀಲಿಲ್ಲ, ನಮ್ಮಮ್ಮಂಗೆ ಹೊಳೀತು!" ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಹೌದಮ್ಮಾ, ಅವರು ಗಂಧಕದ ಜೊತೆ ಸಂಸಾರ ಮಾಡಿದವರು" ಎಂದು ಹೇಳಿ ಸುಲಿಯುತ್ತಲೇ ಇದ್ದರು. ಅವರಿಗೆ ಸ್ವಲ್ಪ ಇರುಸುಮುರುಸಾಯಿತೋ ಏನೋ. ಇವರು ಅಂಗಡಿಗೆ ಬಂದವರಿಗೆಲ್ಲ ಕನ್ನಡಕದ ಜೊತೆ ನಿನ್ನ ಕಥೆಯನ್ನೂ ಕೊಟ್ಟು ಕಳಿಸುತ್ತಿದ್ದಾರೆ.

ಸುಗ್ಗಿಗೆ ನಾನು ಬರುತ್ತೇನೆ ಅಮ್ಮ. ಒಂದು ತಿಂಗಳು ಪೂರ್ತಿ ನಿನ್ನ ಜೊತೆ. ಬರಲಾ?

ನಿನ್ನ,
ಕಡ್ಡಿ


ಅಕ್ಟೋಬರ್ 2

ಬೀಗಿತಿಯವರಿಗೆ,

ನಮಸ್ಕಾರ. ಒಂದೇ ಪ್ರಶ್ನೆ ಇದೆ. ಅವಳು ನಿಮ್ಮ ಮುಖದ ಮೇಲೆಯೇ ನನ್ನನ್ನು ಹೊಗಳಿದಾಗ ನೀವು ಏಕೆ ಬಾಯಿ ಬಿಡಲಿಲ್ಲ? ನಾನು ನಿಮ್ಮ ಹೆಸರು ಬರೆಯಲಿಲ್ಲ ಎಂದು ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳದೆ ಇಟ್ಟುಕೊಂಡು, ಯಾವಾಗಲಾದರೂ ಒಂದು ದಿನ ತೆಗೆದು ತೋರಿಸೋಣ ಎಂದೇ?

ಇನ್ನೊಂದು. ನೀವು ಬರೆದ ಗಿಡದ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ಗಿಡ ಮಣ್ಣಿನದನ್ನು ಎಳೆದುಕೊಂಡು ತನ್ನದಾಗಿ ಮಾಡಿಕೊಳ್ಳುತ್ತದೆಯಂತೆ. ನೀವು ಗಿಡದ ಸಂಗತಿ ಹೇಳುತ್ತಿದ್ದೀರೋ, ಸೊಸೆಯ ಸಂಗತಿ ಹೇಳುತ್ತಿದ್ದೀರೋ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಇಂತಿ,
ಅವಳ ತಾಯಿ


ಅಕ್ಟೋಬರ್ 9

ನಮಸ್ಕಾರಗಳು.

ಗಿಡದ ಸಂಗತಿಯನ್ನೇ ಹೇಳಿದ್ದೆ. ಒಂಬತ್ತನೇ ಕ್ಲಾಸಿನ ಪಾಠ ಅದು, ನಾನು ಮೂವತ್ತು ವರ್ಷ ಹೇಳಿದ್ದು.

ಅವಳ ಉಸಿರು ಸರಿಯಾಗಿದೆ. ಅದು ಯಾರ ಹೆಸರಿನಲ್ಲಿ ಸರಿಯಾಯಿತು ಎಂಬುದು ನನಗೆ ಬೇಕಾಗಿಲ್ಲ.

ಸುಗ್ಗಿಗೆ ಬರುತ್ತೇನೆ ಎನ್ನುತ್ತಿದ್ದಾಳೆ. ನಾನು ಬೇಡ ಎನ್ನಲಾರೆ. ಆಗ ನಿಮ್ಮ ಹೊಗೆಕೋಣೆ ಉರಿಯುತ್ತಿರುತ್ತದೆ. ಅದೊಂದನ್ನು ನೀವು ನೋಡಿಕೊಳ್ಳಬೇಕು.

ಇತಿ,
ನಿಮ್ಮ ಬೀಗಿತಿ


ಮಾರ್ಚ್ 16

ಬೀಗಿತಿಯವರಿಗೆ ನಮಸ್ಕಾರ.

ಬೇಕಾಗಿಲ್ಲ ಎಂದು ಬರೆದಿರಿ. ಆ ಒಂದು ಪದ ಚಳಿಗಾಲವಿಡೀ ನನ್ನನ್ನು ಬಿಡಲಿಲ್ಲ. ನನಗೆ ಬೇಕಾಗಿತ್ತು. ಅಂಗಳವನ್ನು ಕಟ್ಟಿದ್ದು, ಹೆಸರು ಮಾಡಿದ್ದು, ಮಗಳನ್ನು ಬೆಳೆಸಿದ್ದು, ಎಲ್ಲವೂ ನನಗೆ ಬೇಕಾಗಿತ್ತು. ನೀವು ಬೇಡ ಎಂದು ಕೈ ಒರೆಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಾ ಕೂತಿರಿ, ನಾನು ಬೇಕು ಎಂದು ಎತ್ತಿಕೊಂಡೆ. ಯಾರು ದೊಡ್ಡವರಾದರು ಎಂದು ಹೇಳಲು ರಸಾಯನಶಾಸ್ತ್ರ ಓದಬೇಕಾಗಿಲ್ಲ.

ಈ ವರ್ಷ ಗಂಧಕ ತರಿಸಲಿಲ್ಲ. ಹೊಗೆಕೋಣೆಯನ್ನು ಸುಣ್ಣ ಹಾಕಿ ತೊಳೆಸಿ, ಬಾಗಿಲು ಕಿತ್ತು ಗಾಳಿಗೆ ಬಿಟ್ಟೆ. ಮೇಸ್ತ್ರಿ, "ಈ ವರ್ಷಕ್ಕೆ ಮಾತ್ರಾನಾ ಯಜಮಾನಿ?" ಎಂದ. "ಬಾಗಿಲನ್ನ ಸೌದೆ ಮಾಡು" ಎಂದೆ. ಹಣ್ಣನ್ನು ನೆರಳಲ್ಲೇ ಒಣಗಿಸಿದೆವು. ಬಣ್ಣ ಇಳಿಯಿತು, ಕಂದುಗಪ್ಪಾಯಿತು. ನಮ್ಮ ಹಳೆಯ ವ್ಯಾಪಾರಿ ಬಂದು ಒಂದು ಹಿಡಿ ತೆಗೆದು ಮುಖ ಕಿವುಚಿದ.

"ಏನ್ ಯಜಮಾನಿ ಇದು, ಇಲಿ ಹಿಕ್ಕೆ ಇದ್ದಂಗಿದೆ?"

"ಇಲಿ ಹಿಕ್ಕೆ ರುಚಿ ನಿಮಗೆ ಗೊತ್ತಿದ್ರೆ ಹೋಲಿಸಿ ನೋಡಿ. ಇಲ್ಲದಿದ್ರೆ ಇದನ್ನ ತಿಂದು ಮಾತಾಡಿ" ಎಂದೆ.

ತಿಂದ. ಇನ್ನೊಂದು ಹಿಡಿ ತೆಗೆದ. ಅರ್ಧ ಮಾಲು ಮಾತ್ರ ಕೊಂಡ. ಉಳಿದರ್ಧ ಉಗ್ರಾಣದಲ್ಲಿದೆ, ಅದು ನನ್ನ ಚಿಂತೆ.

ನಿಮ್ಮ ಸೊಸೆ ಬಂದು ಇವತ್ತಿಗೆ ಎಂಟು ದಿನ. ಒಂದು ಸಲವೂ ಉಸಿರು ಹಿಡಿದಿಲ್ಲ. ಬಂದ ದಿನ ಸಂಜೆ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತು ಅದೇ ಕಥೆ ಶುರು ಮಾಡಿದಳು. "ಅತ್ತೆಗೂ ಗೊತ್ತಾಗ್ಲಿಲ್ಲ, ಡಾಕ್ಟರೂ ಬಾಯಿ ಬಿಟ್ಟು ಹೇಳ್ಲಿಲ್ಲ, ನಮ್ಮಮ್ಮ ಇಲ್ಲೇ ಕೂತು ಕಂಡುಹಿಡಿದ್ಳು!" ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ವಾರಗಿತ್ತಿ ಕೂಡ, "ಅಕ್ಕ ಅಂದ್ರೆ ಸುಮ್ನೇನಾ?" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಆ ಒಂದು ಸಂಜೆ ನನಗೆ ಬಹಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಅವಳು ನಗುತ್ತಾ ನಿಮ್ಮನ್ನು ಆಡಿಕೊಂಡಳು ನೋಡಿ, "ಅತ್ತೆ ಪಾಪ, ಬೆಳ್ಳುಳ್ಳಿ ಸುಲಿಯೋದ್ರಲ್ಲೇ ಇದ್ರು" ಎಂದು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು. ನಾನು ನಿಮ್ಮನ್ನು ಬೈಯಬಲ್ಲೆ, ಬೈದಿದ್ದೇನೆ, ಮುಂದೆಯೂ ಬೈದೇನು. ನನ್ನ ಸುಳ್ಳನ್ನು ಹೊತ್ತುಕೊಂಡು ನೀವು ಹತ್ತು ಜನರ ನಗೆಗೆ ಗುರಿಯಾಗುವುದು ಬೇರೆ. ಅಷ್ಟು ಋಣ ನಾನು ಯಾರಲ್ಲೂ ಇಟ್ಟುಕೊಂಡವಳಲ್ಲ, ನಿಮ್ಮಲ್ಲಂತೂ ಇಟ್ಟುಕೊಳ್ಳಲಾರೆ.

ಮಾರನೆಯ ಬೆಳಿಗ್ಗೆ ಅದೇ ಹೆಂಗಸರು ಅದೇ ಜಾಗದಲ್ಲಿ ಕೂತ ಮೇಲೆ ಹೋಗಿ ನಿಂತೆ.

"ಕೇಳಿ ಎಲ್ಲರೂ. ಕಂಡುಹಿಡಿದದ್ದು ನಾನಲ್ಲ. ಇವಳತ್ತೆ. ನಾನು ಬೈದು ಬರೆದ ಕಾಗದ ಓದಿ ಅವರಿಗೆ ಗೊತ್ತಾಯ್ತು. ಇವಳಿಗೆ ಹೇಳದೆ ನನಗೆ ಬರೆದ್ರು. ನಾನು ನನ್ನದು ಅಂತ ಬರೆದೆ. ಮುಗೀತು. ಕೈ ನಿಲ್ಲಿಸ್ಬೇಡಿ, ಬಿಸಿಲು ಏರ್ತಾ ಇದೆ."

ಯಾರ ಕೈಯೂ ಆಡಲಿಲ್ಲ. ನಿಮ್ಮ ಸೊಸೆ ಮಡಿಲಲ್ಲಿದ್ದ ಗೊಂಚಲನ್ನು ಕೆಳಗಿಟ್ಟಳು.

"ಮತ್ತೆ ಇರುವೆ ಬಂದಿದೆ ಅಂತ ಡಬ್ಬಿ ತೆಗೆದಿಟ್ರಲ್ಲ, ಅದು?"

"ಇರುವೇನೂ ಇರ್ಲಿಲ್ಲ, ಏನೂ ಇರ್ಲಿಲ್ಲ."

"ಎರಡು ದಿನ ಮಾತು ಬಿಟ್ಟಿದ್ದೆ ಅಮ್ಮ ನಾನು ಅವರ ಹತ್ರ. ಆಮೇಲೆ ಅಷ್ಟು ಆಡ್ಕೊಂಡೆ. ಒಂದು ಮಾತೂ ಹೇಳ್ಲಿಲ್ವಲ್ಲ!"

ಅತ್ತಳು. ಅದು ನನಗಾಗಿ ಅತ್ತದ್ದಲ್ಲ. ನಾನು ಇವಳನ್ನು ಹೆತ್ತು ಸಾಕಿದವಳು, ಇವಳ ಯಾವ ಅಳು ಯಾರದು ಎಂದು ನನಗೆ ತಿಳಿಯುತ್ತದೆ. ನಿಂತು ನೋಡಿದೆ.

ಅಂದಿನಿಂದ ಇಲ್ಲಿ ನಿಮ್ಮದೇ ಮಾತು. ಅತ್ತೆ ಹೀಗೆ ಮಾಡುತ್ತಾರೆ, ಅತ್ತೆ ಹಾಗೆ ಹೇಳುತ್ತಾರೆ. ನಡುನಡುವೆ ಬಾಯಿ ತಪ್ಪಿ ಆ ಇನ್ನೊಂದು ಪದವೂ ಬರುತ್ತದೆ, ನನ್ನ ಮುಖ ನೋಡಿ ನುಂಗಿಕೊಳ್ಳುತ್ತಾಳೆ. ನನ್ನೆದುರು ನುಂಗಿಕೊಂಡು ನನ್ನ ಬೆನ್ನ ಹಿಂದೆ ಕರೆಯುವುದು ನನಗೆ ಬೇಡ. ಕರೆಯುವುದಾದರೆ ನನ್ನ ಕಣ್ಣೆದುರೇ ಕರೆಯಲಿ, ಹೇಗೆ ಕರೆಯುತ್ತಾಳೆ ನಾನೂ ನೋಡುತ್ತೇನೆ.

ಆದ್ದರಿಂದ ಅವಳನ್ನು ಕರೆದೊಯ್ಯಲು ಅಳಿಯಂದಿರು ಬರಬೇಕಾಗಿಲ್ಲ, ನೀವು ಬರಬೇಕು, ಈಗಲೇ ಬಂದು ಅವಳ ತಿಂಗಳು ಮುಗಿಯುವವರೆಗೆ ಇಲ್ಲೇ ಇರಬೇಕು. ಈ ಪತ್ರವನ್ನು ಮೇಸ್ತ್ರಿಯ ಕೈಯಲ್ಲೇ ಕಳಿಸಿದ್ದೇನೆ. ನೀವು ಓದಿ ಮುಗಿಸುವವರೆಗೆ ಅವನು ಬಾಗಿಲಲ್ಲಿ ನಿಂತಿರುತ್ತಾನೆ. ನಿಮ್ಮನ್ನು ಕರೆದುಕೊಂಡೇ ಬರಬೇಕು, ಒಬ್ಬನೇ ಬಂದರೆ ಗೇಟು ತೆಗೆಯುವುದಿಲ್ಲ ಎಂದು ಹೇಳಿದ್ದೇನೆ. ಮಧ್ಯಾಹ್ನದ ರೈಲಿಗೆ ಅವನ ಹತ್ತಿರ ಎರಡು ಟಿಕೆಟ್ ಇವೆ. ನೀವು ಕಿಟಕಿಯ ಪಕ್ಕ ಕೂತುಕೊಳ್ಳಿ, ಅವನು ಕೂತರೆ ಆ ಕನ್ನಡಕದಲ್ಲಿ ಕಂಡ ಪ್ರತಿ ಮರದ ಹೆಸರು ಹೇಳುತ್ತಾನೆ.

ನಿಮಗೆ ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ. ಹೊಸ ಹಾಸಿಗೆ, ಎರಡು ಕಡೆ ಕಿಟಕಿ, ಗಾಳಿ ಚೆನ್ನಾಗಿ ಬರುತ್ತದೆ. ಅವಳ ಮಂಚವನ್ನು ನನ್ನ ಕೋಣೆಗೆ ಹಾಕಿಸಿಯಾಗಿದೆ.

ಇಂತಿ,
ನಿಮ್ಮ ಬೀಗಿತಿ